ಕೈ ಕೊಡುವುದೆಂದರೆ

ನಮ್ಮ ಹೆಣ್ಣುಮಕ್ಕಳ ಆಯುಷ್ಯದ ಕಾಲುಭಾಗ ಹೆಚ್ಚುವುದರಲ್ಲೇ ಕಳೆದುಹೋಗುತ್ತದೆ. ತರಕಾರಿ ಹೆಚ್ಚುವುದನ್ನು ಹೇಳುತ್ತಿದ್ದೇನೆ. ತೂಕ ಹೆಚ್ಚುವ ಮಾತು ಬೇರೆ. ಅಮ್ಮನ ಕಾಲದಲ್ಲಿ ಈಳಿಗೆಮಣೆ ಇತ್ತು. ಒಂದು ಕಾಲು ಮಡಿಸಿ, ಇನ್ನೊಂದರಿಂದ ಮಣೆಯನ್ನು ಅದುಮಿ ಕೂತರೆ ಮದುವೆ ಮನೆಯ ಕುಂಬಳಕಾಯಿಯೂ ಲೆಕ್ಕಕ್ಕಿರಲಿಲ್ಲ. ನಮ್ಮ ಕಾಲಕ್ಕೆ ಅಡುಗೆಮನೆಗೆ ಕಟ್ಟೆ ಬಂತು, ನಿಂತು ಮಾಡುವ ಅಡುಗೆ ಬಂತು, ಜೊತೆಗೆ ಮಂಡಿನೋವೂ ಚಾಕುವೂ ಬಂದವು.

ಚಾಕು ಕೊಳ್ಳುವಾಗ ನಾವು ನೋಡುವುದು ಅಲಗನ್ನು. ಹೆಬ್ಬೆರಳಿನಿಂದ ಮೆಲ್ಲಗೆ ಸವರಿ ಹರಿತ ಇದೆಯೇ ಎಂದು ನೋಡುತ್ತೇವೆ. ಹಿಡಿಯನ್ನು ಯಾರು ನೋಡುತ್ತಾರೆ? ಆದರೆ ಮನೆಯಲ್ಲಿ ಚಾಕು ಮೊದಲು ಕೆಡುವುದು ಹಿಡಿಯಿಂದಲೇ. ಅಲಗು ಮೊಂಡಾದರೆ ಸಾಣೆ ಹಿಡಿಸಬಹುದು. ಹಿಡಿ ಅಲುಗಾಡತೊಡಗಿದರೆ ದಾರ ಸುತ್ತಿ, ಬಟ್ಟೆ ಕಟ್ಟಿ ಇನ್ನಾರು ತಿಂಗಳು ಓಡಿಸುತ್ತೇವೆ, ಆಮೇಲೆ ಗುಜರಿಗೆ ಹಾಕುತ್ತೇವೆ. ಒಳ್ಳೆಯ ಚಾಕುವಿನಲ್ಲಿ ಅಲಗಿನ ಉಕ್ಕು ಹಿಡಿಯ ಕೊನೆಯವರೆಗೂ ಹೋಗಿರುತ್ತದೆ. ಅದರ ಎರಡೂ ಪಕ್ಕಕ್ಕೆ ಮರದ ಹಲ್ಲೆ ಇಟ್ಟು, ತೂತು ಕೊರೆದು, ಈ ಕಡೆಯಿಂದ ಆ ಕಡೆಗೆ ಲೋಹದ ಕಡ್ಡಿ ತೂರಿಸಿರುತ್ತಾರೆ. ಅದನ್ನು ಕೀಲು ಎನ್ನೋಣ. ಬಂಡಿಗೆ ಕಡೆಗೀಲು ಹೇಗೋ ಚಾಕುವಿಗೆ ಇದು ಹಾಗೆ.

ಈ ಕೀಲಿನ ತಲೆಯ ಮೇಲೆ, ಕಡಲೆಕಾಳಿಗಿಂತ ಚಿಕ್ಕ ಜಾಗದಲ್ಲಿ ಹೂವನ್ನೋ ನಕ್ಷತ್ರವನ್ನೋ ಮೂಡಿಸುವ ಜನ ಇದ್ದಾರೆ. ಅಮೆರಿಕದ ಚಾಕು ಮಾಡುವವರು ಅದಕ್ಕೆ ಮೊಸಾಯಿಕ್ ಪಿನ್ ಎನ್ನುತ್ತಾರೆ. ಮೊಸಾಯಿಕ್ ಎಂದರೆ ನಮಗೆಲ್ಲ ಗೊತ್ತಿರುವುದು ಹಳೆಯ ಮನೆಗಳ ನೆಲ. ಬಿರುಸಾಗಿ ಒರೆಸಿದಷ್ಟೂ ಹೊಳೆಯುತ್ತಿದ್ದ ನೆಲ. ಇದು ಅದರ ಮರಿಮೊಮ್ಮಗಳು ಎಂದುಕೊಳ್ಳಿ. ಕೆಲವು ವರ್ಷಗಳಿಂದ ಮೈಸೂರಿನ ನಮ್ಮ ಮನೆಯ ಊಟದ ಮೇಜಿನ ಮೇಲೆ ನಾನೂ ನಮ್ಮ ಮನೆಯವರೂ ಸೇರಿ ಇದನ್ನು ಮಾಡುತ್ತಿದ್ದೇವೆ. ಹೇಳಿದರೆ ಬಂದವರು ಮೊದಲು ನಗುತ್ತಾರೆ. ಅರವತ್ತೈದು ದಾಟಿದ ಹೆಂಗಸು, ಎಪ್ಪತ್ತು ದಾಟಿದ ಗಂಡಸು ಚಾಕು ಹಿಡಿದು ಕೂತಿದ್ದಾರೆಂದರೆ ನಗು ಬರದೆ ಇರುತ್ತದೆಯೇ?

ನಮ್ಮ ಮನೆಯವರು ಕಾರ್ಖಾನೆಯೊಂದರ ಟೂಲ್ ರೂಮಿನಲ್ಲಿ ಮೂವತ್ತನಾಲ್ಕು ವರ್ಷ ಕೆಲಸ ಮಾಡಿದವರು. ಅಲ್ಲಿ ಏನು ಮಾಡುತ್ತಿದ್ದರು ಎಂದು ಯಾರಾದರೂ ಕೇಳಿದರೆ "ಡೈ ಮಾಡ್ತಾರೆ" ಎಂದು ನಾನು ಹೇಳುತ್ತಿದ್ದೆ. ಡೈ ಎಂದರೇನೆಂದು ಕೇಳಿದವರಿಗೂ ಗೊತ್ತಿರುತ್ತಿರಲಿಲ್ಲ, ಹೇಳಿದ ನನಗೂ ಗೊತ್ತಿರಲಿಲ್ಲ. ಬೆಳಿಗ್ಗೆ ಆರೂವರೆಗೆ ಕಂಪನಿ ಬಸ್ಸು; ಡಬ್ಬಿ ಕಟ್ಟಿ ಕೊಟ್ಟರೆ ನನ್ನ ಪಾಲಿನ ಕಾರ್ಖಾನೆ ಮುಗಿಯಿತು. ಅವರ ಕೆಲಸವನ್ನು ಅವರು ಮನೆಗೆ ತರುತ್ತಿರಲಿಲ್ಲ, ನನ್ನ ಕೆಲಸದ ಕಡೆಗೆ ತಲೆ ಹಾಕುತ್ತಲೂ ಇರಲಿಲ್ಲ.

ನಿವೃತ್ತಿಯಾಗಿ ನಾಲ್ಕೈದು ವರ್ಷಕ್ಕೆ ಕೈನಡುಕ ಶುರುವಾಯಿತು. ಮೊದಲು ಕಾಫಿ ಲೋಟ ತಟ್ಟೆಗೆ ಬಡಿದು ಸದ್ದು ಮಾಡಿತು. ಆಮೇಲೆ ಬ್ಯಾಂಕಿನಲ್ಲಿ ಸಹಿ ಹೊಂದುವುದಿಲ್ಲ ಎಂದರು. ವೈದ್ಯರು ಪರೀಕ್ಷೆ ಮಾಡಿ ಇದು ಪಾರ್ಕಿನ್ಸನ್ ಅಲ್ಲ, ಎಸೆನ್ಷಿಯಲ್ ಟ್ರೆಮರ್ ಎಂದರು. ಪಾರ್ಕಿನ್ಸನ್‌ನಲ್ಲಿ ಸಾಮಾನ್ಯವಾಗಿ ಕೈ ಸುಮ್ಮನಿದ್ದಾಗ ನಡುಗುತ್ತದೆ. ಇದರಲ್ಲಿ ಕೈ ಒಂದು ಕೆಲಸಕ್ಕೆ ಹೊರಟಾಗ ನಡುಗುತ್ತದೆ. ತೊಡೆಯ ಮೇಲಿಟ್ಟಾಗ ಇವರ ಕೈ ಯಾರ ಕೈಗೂ ಕಡಿಮೆಯಿಲ್ಲ. ಲೋಟ ಎತ್ತಲು, ಗುಂಡಿ ಹಾಕಲು, ಮೊಳೆ ಹೊಡೆಯಲು ಹೋದರೆ ಮಾತ್ರ ಕೇಳುವುದಿಲ್ಲ. ಜೀವಮಾನವೆಲ್ಲ ಕೈಯನ್ನೇ ನಂಬಿದ ಮನುಷ್ಯನಿಗೆ ಇದಕ್ಕಿಂತ ಕಠಿಣವಾದದ್ದು ಇನ್ನೇನಿದೆ? ಮಾತ್ರೆ ಕೊಟ್ಟರು, ಸ್ವಲ್ಪ ಹಿಡಿತಕ್ಕೆ ಬಂತು, ಪೂರ್ತಿ ಹೋಗಲಿಲ್ಲ.

ಇವರು ಯಾರಿಗೂ ಏನೂ ಹೇಳಲಿಲ್ಲ. ಮದುವೆ ಮುಂಜಿಗೆ ಹೋಗುವುದನ್ನು ಬಿಟ್ಟರು. "ನೀನು ಹೋಗಿ ಬಾ, ನನಗೆ ಬಿಸಿಲು ಆಗೊಲ್ಲ" ಎನ್ನುವರು. ಪಂಕ್ತಿಯಲ್ಲಿ ಕೂತು ಸಾರನ್ನ ಕಲಸುವಾಗ ಪಕ್ಕದವರು ನೋಡುತ್ತಾರೆ ಎಂಬುದೇ ನಿಜವಾದ ಬಿಸಿಲು. ಮನೆಯಲ್ಲೂ ನನಗಿಂತ ಮುಂಚೆ, ಇಲ್ಲವೇ ನನ್ನದಾದ ಮೇಲೆ ಊಟಕ್ಕೆ ಕೂರುವುದನ್ನು ಅಭ್ಯಾಸ ಮಾಡಿಕೊಂಡರು. ಮೂಲೆಯಲ್ಲಿದ್ದ ಹತ್ಯಾರದ ಪೆಟ್ಟಿಗೆಯ ಮೇಲೆ ನಾನು ಟೀವಿಯ ಬಟ್ಟೆ ಹೊದಿಸಿದಾಗಲೂ ಮಾತಾಡಲಿಲ್ಲ.

2019ರ ಬೇಸಿಗೆಯಲ್ಲಿ ಮಗಳ ಮನೆಗೆಂದು ಅಮೆರಿಕಕ್ಕೆ ಹೋದೆವು. ಜಾರ್ಜಿಯಾ ರಾಜ್ಯ, ಅಟ್ಲಾಂಟಾದಿಂದ ಸ್ವಲ್ಪ ದೂರ. ಅಲ್ಲಿಗೆ ಹೋದ ನಮ್ಮಂಥವರ ಪಾಡು ನಿಮಗೆ ಗೊತ್ತೇ ಇದೆ. ಮಗಳು ಅಳಿಯ ಕೆಲಸಕ್ಕೆ, ಮೊಮ್ಮಗಳು ಶಾಲೆಗೆ. ಉಳಿದ ನಾವಿಬ್ಬರು ಕಿಟಕಿಯಲ್ಲಿ ಅಳಿಲು ನೋಡುವುದು. ಪಕ್ಕದ ಮನೆಯಲ್ಲಿ ಎಂಬತ್ತರ ಹತ್ತಿರದ ಅಜ್ಜನೊಬ್ಬ. ಅವನ ಗರಾಜಿನಲ್ಲಿ ಕಾರಿಗೆ ಜಾಗವಿರಲಿಲ್ಲ. ಡ್ರಿಲ್ ಮೆಷಿನ್ನು, ಮರದ ತುಂಡು, ಉಜ್ಜುವ ಪಟ್ಟಿ ಇವೇ ತುಂಬಿದ್ದವು. ಚಾಕು ಮಾಡುವುದು ಅವನ ಹವ್ಯಾಸ. ಇವರು ಮೂರು ದಿನ ಬೇಲಿಯ ಈಚೆಯಿಂದ ನೋಡಿದರು. ನಾಲ್ಕನೆಯ ದಿನ ಅಜ್ಜನೇ ಕೈ ಬೀಸಿ ಕರೆದ.

ಅವನ ದಕ್ಷಿಣದ ಇಂಗ್ಲಿಷು ಇವರಿಗೆ ಅರ್ಥವಾಗದು, ಇವರ ಟೂಲ್ ರೂಮಿನ ಇಂಗ್ಲಿಷು ಅವನಿಗೆ ಅರ್ಥವಾಗದು. ಆದರೆ ಮೇಜಿನ ಮೇಲೊಂದು ವರ್ನಿಯರ್ ಇತ್ತು. ಅದನ್ನು ಕಂಡ ಕೂಡಲೇ ಇವರ ಮುಖ ಸ್ವಂತ ಊರಿನ ಬಸ್ಸು ಕಂಡವರ ಮುಖದ ಹಾಗಾಯಿತು. ಅಜ್ಜ ಕಾಲು ಇಂಚು ಎಂದರೆ ಇವರು 6.35 ಮಿಲಿಮೀಟರ್ ಎಂದು ತಟ್ಟನೆ ಹೇಳುವರು. ಇಬ್ಬರೂ ತಲೆಯಾಡಿಸುವರು. ಎರಡು ದೇಶದ ಮಾತುಕತೆ ಹೀಗೆ ಲೆಕ್ಕದಲ್ಲೇ ನಡೆಯಿತು. ಆ ಜೂನ್‌ನಲ್ಲಿ ಅಟ್ಲಾಂಟಾದ ಹತ್ತಿರ ಬ್ಲೇಡ್ ಷೋ ಎಂಬ ಚಾಕುಗಳ ದೊಡ್ಡ ಜಾತ್ರೆಗೂ ಕರೆದುಕೊಂಡು ಹೋದ. ಅಲ್ಲಿ ಸಾಲು ಸಾಲು ಮೇಜುಗಳ ಮೇಲೆ ಸಾವಿರಾರು ಚಾಕುಗಳು. ನಮ್ಮ ಕೊಡಗಿನವರು ಸೊಂಟಕ್ಕೆ ಸಿಕ್ಕಿಸುವ ಬೆಳ್ಳಿ ಕೆಲಸದ ಪೀಚೆಕತ್ತಿಯನ್ನು ನೋಡಿದವಳಾದ್ದರಿಂದ ಕತ್ತಿಗೆ ಅಲಂಕಾರವೇ ಎಂದು ನನಗೆ ಆಶ್ಚರ್ಯವಾಗಲಿಲ್ಲ. ಆದರೆ ಅಡುಗೆಮನೆಯ ಚಾಕುವಿನ ಕೀಲಿಗೂ ಇಷ್ಟು ಶ್ರದ್ಧೆಯೇ ಎನ್ನಿಸಿತು.

ಒಂದು ದಿನ ಅಜ್ಜ ಕೀಲು ಮಾಡುವುದನ್ನು ತೋರಿಸಿದ. ಸಣ್ಣದೊಂದು ಹಿತ್ತಾಳೆ ಕೊಳವೆ, ಅದರೊಳಗೆ ಸೇರಿಸಲು ಏಳು ತೆಳು ಕಡ್ಡಿ. ಇವರ ಕೈಗೆ ಕೊಟ್ಟ. ಇವರು ಕಡ್ಡಿಗಳನ್ನು ಕೊಳವೆಯ ಬಾಯಿಗೆ ತಂದರು. ಕಡ್ಡಿಗಳು ಕೊಳವೆಯ ಅಂಚಿಗೆ ಟಿಣಿಟಿಣಿ ಎಂದು ಬಡಿಯತೊಡಗಿದವು. ಎರಡನೆಯ ಸಲವೂ ಅಷ್ಟೇ. ಇವರು ಅವನ್ನು ಮೇಜಿನ ಮೇಲಿಟ್ಟು, ಕೈಯನ್ನು ಮೇಜಿನ ಕೆಳಗೆ ಇಟ್ಟುಕೊಂಡರು. ಅಜ್ಜ ಬೇರೆ ಕಡೆ ನೋಡಿದ. ನಾನು ಯಾರನ್ನೂ ಕೇಳದೆ ಕಡ್ಡಿಗಳನ್ನು ತೆಗೆದುಕೊಂಡು, ದಾರದಲ್ಲಿ ಒಂದು ಸುತ್ತು ಕಟ್ಟಿ, ಮೆಲ್ಲಗೆ ತಿರುಗಿಸುತ್ತ ಒಳಗೆ ಇಳಿಸಿದೆ. ಅದೇನು ವಿದ್ಯೆ ಅಲ್ಲ. ಮಲ್ಲಿಗೆ ಮೊಗ್ಗು ಕಟ್ಟಿದ, ಹೂಬತ್ತಿ ಹೊಸೆದ, ಗೆಜ್ಜೆವಸ್ತ್ರ ಮಾಡಿದ ಕೈ. ಅದಕ್ಕೆ ಕಡ್ಡಿಯೊಂದು ಹೊಸದೇ?

ಹೊರಡುವಾಗ ಅಜ್ಜ ನನಗೊಂದು ಪುಟ್ಟ ಚಾಕು ಕೊಟ್ಟು, ಬದಲಿಗೆ ಒಂದು ಸೆಂಟ್ ಕೊಡು ಎಂದು ಕೇಳಿದ. ಚಾಕುವನ್ನು ಬಿಟ್ಟಿಯಾಗಿ ಕೊಟ್ಟರೆ ಸ್ನೇಹ ಕಡಿಯುತ್ತದೆ ಎಂದು ಅವರಲ್ಲಿ ನಂಬಿಕೆ. ಕೈಯಿಂದ ಕೈಗೆ ಚಾಕು ಕೊಡಬಾರದು, ಕೆಳಗಿಟ್ಟು ತೆಗೆದುಕೊಳ್ಳಬೇಕು ಎಂದು ನಮ್ಮಜ್ಜಿ ಹೇಳುತ್ತಿದ್ದುದು ನೆನಪಾಯಿತು. ಭೂಮಿ ಯಾವ ಕಡೆಗೆ ತಿರುಗಿದರೂ ಅಜ್ಜಿಯರ ಹೆದರಿಕೆ ಒಂದೇ ನೋಡಿ.

ಮೈಸೂರಿಗೆ ಬಂದ ಮೇಲೆ ಇವರು ಪೆಟ್ಟಿಗೆಯ ಮೇಲಿನ ಬಟ್ಟೆ ತೆಗೆದರು. ಅಷ್ಟೇ ಅಲ್ಲ, ಮದುವೆಯಾಗಿ ಅಷ್ಟು ವರ್ಷಕ್ಕೆ ಮೊದಲ ಸಲ ಒಂದು ಮಾತು ಕೇಳಿದರು: "ಲೇ, ನಿನ್ನ ಕೈ ಸ್ವಲ್ಪ ಕೊಡ್ತೀಯಾ?" ನಮ್ಮ ಕನ್ನಡದಲ್ಲಿ ಕೈ ಕೊಟ್ಟ ಎಂದರೆ ನಡುನೀರಿನಲ್ಲಿ ಬಿಟ್ಟುಹೋದ ಎಂದು ಅರ್ಥ. ಇವರ ಕೈ ಇವರಿಗೇ ಕೈ ಕೊಟ್ಟಿತ್ತು. ನಾನು ಕೊಟ್ಟದ್ದು ಇನ್ನೊಂದು ಅರ್ಥದ ಕೈ.

ಮಾಡುವ ರೀತಿಯನ್ನು ಹೇಳುತ್ತೇನೆ, ಕೇಳಿ. ಪತ್ರೊಡೆ ಮಾಡಿದವರಿಗೆ ಇದರ ಗುಟ್ಟು ಅರ್ಧ ಗೊತ್ತಾದ ಹಾಗೆಯೇ. ಕೆಸುವಿನ ಎಲೆಗೆ ಹಿಟ್ಟು ಸವರಿ ಸುತ್ತಿ ಬೇಯಿಸಿ, ಬಿಲ್ಲೆ ಮಾಡಿದರೆ ಪ್ರತಿ ಬಿಲ್ಲೆಯಲ್ಲೂ ಅದೇ ಸುರುಳಿ ಕಾಣುತ್ತದಲ್ಲ? ಕೀಲೂ ಹಾಗೆಯೇ. ಚಿತ್ರವನ್ನು ತಲೆಯ ಮೇಲೆ ಕೆತ್ತುವುದಿಲ್ಲ. ಉದ್ದಕ್ಕೂ ಒಳಗೇ ತುಂಬಿರುತ್ತದೆ, ಎಲ್ಲಿ ಕತ್ತರಿಸಿದರೂ ಅದೇ ಹೂವು.

ಇನ್ನು ಹೂವು ಬರುವ ಬಗೆ. ರಂಗೋಲಿಯಲ್ಲಿ ಮೂರು ಚುಕ್ಕಿ ಇಟ್ಟು, ಮೇಲೆ ಸಂದಿನಲ್ಲಿ ಎರಡು, ಕೆಳಗೆ ಸಂದಿನಲ್ಲಿ ಎರಡು ಇಟ್ಟರೆ ಏನಾಯಿತು? ನಡುವೆ ಒಂದು, ಸುತ್ತ ಆರು. ಒಂದೇ ಗಾತ್ರದ ಏಳು ಕಡ್ಡಿಗಳನ್ನು ಒಟ್ಟು ಹಿಡಿದರೆ ಅವು ತಾವಾಗಿಯೇ ಹೀಗೆ ಕೂರುತ್ತವೆ. ಆರು ಇದ್ದರೆ ಸಂದು, ಎಂಟು ಇದ್ದರೆ ಜಗಳ. ಕೊಳವೆಯ ಒಳಗಿನ ಅಗಲ ಒಂದು ಕಡ್ಡಿಯ ಮೂರರಷ್ಟಿದ್ದು, ಕೂದಲೆಳೆಯಷ್ಟು ಹೆಚ್ಚಿರಬೇಕು. ನಮ್ಮ ಕೊಳವೆ ಹೊರಗೆ 6 ಮಿಲಿಮೀಟರ್, ಒಳಗೆ 5. ಕಡ್ಡಿ 1.6. ಏಳೂ ಸೇರಿ 4.8 ಆಗುತ್ತದೆ, ಉಳಿದದ್ದು ಅಂಟಿಗೆ. ನಡುವಿನದು ತಾಮ್ರ, ಸುತ್ತಲಿನವು ಹಿತ್ತಾಳೆ. ತಾಮ್ರಕ್ಕೆ ಹದಿನಾರು ಗೇಜಿನ ತಂತಿ, ಹಿತ್ತಾಳೆಗೆ ಬೆಸುಗೆ ಹಾಕುವವರ ಕಡ್ಡಿ. ತಂತಿ ಸುರುಳಿಯಾಗಿ ಬರುತ್ತದೆ; ಒಂದು ತುದಿಯನ್ನು ವೈಸಿಗೆ ಕಚ್ಚಿಸಿ, ಇನ್ನೊಂದನ್ನು ಇಕ್ಕಳದಲ್ಲಿ ಹಿಡಿದು ಜೋರಾಗಿ ಎಳೆದರೆ ನೆಟ್ಟಗಾಗುತ್ತದೆ. ಎಳೆಯುವ ಕೆಲಸ ಇವರದೇ. ಬಲ ಹಾಕುವಾಗ ನಡುಕ ಅಷ್ಟು ಲೆಕ್ಕಕ್ಕೆ ಬರುವುದಿಲ್ಲ.

ಕಡ್ಡಿ, ಕೊಳವೆ ಎಲ್ಲವನ್ನೂ ಮರಳುಕಾಗದದಲ್ಲಿ ಉಜ್ಜಿ, ಉಗುರುಬಣ್ಣ ತೆಗೆಯುವ ಅಸಿಟೋನ್‌ನಲ್ಲಿ ಒರೆಸಬೇಕು. ಬೆರಳಿನ ಜಿಡ್ಡು ಉಳಿದರೂ ಅಂಟು ಹಿಡಿಯುವುದಿಲ್ಲ. ಆ ದ್ರವ ತಕ್ಷಣ ಹೊತ್ತಿಕೊಳ್ಳುವಂಥದ್ದು, ಒಲೆ ಹತ್ತಿರ ಬೇಡವೇ ಬೇಡ. ಅಂಟು ಎಂದರೆ ಅರಾಲ್ಡೈಟ್‌ನಂಥದು, ಎರಡು ಟ್ಯೂಬನ್ನು ಸಮವಾಗಿ ಕಲಸುವುದು. ಬೇಗ ಗಟ್ಟಿಯಾಗುವುದಲ್ಲ, ನಿಧಾನದ್ದು. ಅದಕ್ಕೆ ಕಪ್ಪು ಬಣ್ಣ ಸೇರಿಸಿದರೆ ಹಳದಿ, ಕೆಂಪು ಲೋಹ ಎದ್ದು ಕಾಣುತ್ತದೆ. ಕಪ್ಪಿಗೆ ಅಜ್ಜ ಪುಡಿ ಕೊಂಡು ತರುತ್ತಿದ್ದ. ನಾನು ದೀಪದ ಮೇಲೆ ತಟ್ಟೆ ಕವುಚಿಟ್ಟು ಮಸಿ ಹಿಡಿಯುತ್ತೇನೆ. ಮಗುವಿಗೆ ಕಾಡಿಗೆ ಮಾಡುತ್ತಿದ್ದ ಹಾಗೆಯೇ, ಆದರೆ ಹರಳೆಣ್ಣೆ ಬೆರೆಸುವುದಿಲ್ಲ. ಎಣ್ಣೆ ಸೋಕಿದರೆ ಅಂಟು ಕೆಡುತ್ತದೆ. ಸಾಸಿವೆ ಕಾಳಿನಷ್ಟು ಮಸಿ ಸಾಕು.

ಕಡ್ಡಿಯ ಕಟ್ಟನ್ನು ಕೊಳವೆಗೆ ಇಳಿಸಿ, ಸೂಜಿಯಿಲ್ಲದ ಇಂಜೆಕ್ಷನ್ ಸಿರಿಂಜಿನಿಂದ ಅಂಟನ್ನು ಕೆಳಗಿನಿಂದ ಮೇಲಕ್ಕೆ ಒತ್ತಬೇಕು. ಮೇಲಿನಿಂದ ಸುರಿದರೆ ಗಾಳಿಗುಳ್ಳೆ ಸಿಕ್ಕಿಕೊಂಡು, ಕತ್ತರಿಸಿದಾಗ ಹೂವಿನ ಮುಖದಲ್ಲಿ ಸಿಡುಬಿನ ಕಲೆಯಂತೆ ಗುಳಿ ಕಾಣುತ್ತದೆ. ಮೇಲಿನ ಬಾಯಿಂದ ಕಪ್ಪು ಅಂಟು ಉಕ್ಕಿ ಬಂದರೆ ತುಂಬಿತು ಎಂದು ಅರ್ಥ. ಎರಡೂ ಕಡೆ ಟೇಪು ಅಂಟಿಸಿ ಒಂದು ದಿನ ನಿಲ್ಲಿಸಿಡಬೇಕು. ಕೈಗೆ ಗವಸು, ಕಿಟಕಿ ತೆರೆದಿರಬೇಕು.

ಮರುದಿನ ಅಕ್ಕಸಾಲಿಗರ ಸಣ್ಣ ಗರಗಸದಿಂದ ತುಂಡು ಮಾಡುವುದು. ಹಿಡಿಯ ದಪ್ಪ 20 ಮಿಲಿಮೀಟರ್ ಇದ್ದರೆ ಕೀಲು 22 ಇರಬೇಕು, ಎರಡೂ ಕಡೆ ಒಂದೊಂದು ಹೆಚ್ಚು. ಒಂದು ಗೇಣಿಗಿಂತ ಕಡಿಮೆ, 15 ಸೆಂಟಿಮೀಟರ್ ಕೊಳವೆಯಲ್ಲಿ ಆರು ಕೀಲು ಸಿಗುತ್ತವೆ. ಅವಸರದಿಂದ ಕೊಯ್ದರೆ ಲೋಹ ಕಾದು ಅಂಟು ಮೆತ್ತಗಾಗುತ್ತದೆ; ನಿಧಾನವಾಗಿ, ಆಗಾಗ ತಡೆದು ಕೊಯ್ಯಬೇಕು. ಕೊಯ್ದ ಮುಖದಲ್ಲಿ ಮೊದಲು ಏನೂ ಕಾಣುವುದಿಲ್ಲ, ಬರೀ ಕೊಳೆ ಬಣ್ಣ. ಹಿಡಿಗೆ ಕೂರಿಸಿ, ಅಂಟು ಆರಿದ ಮೇಲೆ 120, 220, 400, 600 ನಂಬರಿನ ಮರಳುಕಾಗದಗಳಲ್ಲಿ ಒಂದಾದ ಮೇಲೊಂದು ಉಜ್ಜುತ್ತ ಹೋದರೆ, ಇದ್ದಕ್ಕಿದ್ದಂತೆ ಕಪ್ಪು ಹಿನ್ನೆಲೆಯಲ್ಲಿ ಆರು ಎಸಳಿನ ಚಿನ್ನದ ಹೂವು ಅರಳುತ್ತದೆ. ಸಾಮಾನ್ಯ ಮೊಳೆಯಂತೆ ಇದರ ತಲೆಗೆ ಸುತ್ತಿಗೆಯಿಂದ ಬಡಿಯುವಂತಿಲ್ಲ, ಬಡಿದರೆ ಹೂವು ಮುದ್ದೆಯಾಗುತ್ತದೆ. ಹಿಡಿದಿಡುವುದು ಅಂಟು ಮತ್ತು ತೂತಿನ ಅಳತೆ.

ಆ ಅಳತೆಯ ವಿಷಯದಲ್ಲೇ ನಮಗೆ ಜಗಳ. ಇವರು ನನ್ನನ್ನು ಹೊಸದಾಗಿ ಸೇರಿದ ಅಪ್ರೆಂಟಿಸ್ ಹುಡುಗನೆಂದು ತಿಳಿದು ಗದರುವರು. "ನೂರರಲ್ಲಿ ಐದು ಜಾಸ್ತಿ ಇದೆ, ಕಾಣಲ್ವಾ?" ನೂರರಲ್ಲಿ ಐದು ಎಂದರೆ ಒಂದು ಮಿಲಿಮೀಟರಿನ ನೂರನೆಯ ಐದು ಭಾಗ. ಯಾವ ಕಣ್ಣಿಗೆ ಕಾಣಬೇಕು? ನಾನು ಕೊಳವೆ ಕೆಳಗಿಟ್ಟು ಸಾರಿಗೆ ಒಗ್ಗರಣೆ ಹಾಕಲು ಎದ್ದುಹೋಗುತ್ತಿದ್ದೆ. ಒಂದು ದಿನ ಹಾಗೆ ಎದ್ದಾಗ ಹಿಂದೆಯೇ ಅಡುಗೆಮನೆಗೆ ಬಂದರು. "ಒಂದು ಕೂದಲು ಕೊಡೇ" ಎಂದರು. ಕೊಟ್ಟೆ. ನಿವೃತ್ತಿಯ ದಿನ ಜೊತೆಯವರು ಕೊಟ್ಟಿದ್ದ ಮೈಕ್ರೊಮೀಟರನ್ನು ನನ್ನ ಕೈಗಿತ್ತು, "ನಿಧಾನ ತಿರುಗಿಸು, ಟಿಕ್ ಟಿಕ್ ಟಿಕ್, ಮೂರು ಸಲ, ಸಾಕು" ಎಂದರು. ನೋಡಿದರೆ 0.07. "ನಿನ್ನ ಕೂದಲಿಗಿಂತ ಸಣ್ಣ ತಪ್ಪಿಗೆ ನಾವು ವಾರದ ಕೆಲಸ ವಾಪಸು ತೆಗೀತಿದ್ವಿ" ಎಂದರು. ಮೂವತ್ತನಾಲ್ಕು ವರ್ಷ ಡಬ್ಬಿ ಕಟ್ಟಿದವಳಿಗೆ, ಆ ಡಬ್ಬಿ ಎಲ್ಲಿಗೆ ಹೋಗುತ್ತಿತ್ತು ಎಂಬುದು ಒಗ್ಗರಣೆ ಸೌಟು ಹಿಡಿದು ನಿಂತಲ್ಲೇ ತಿಳಿಯಿತು. ಸಂಜೆಗಳಲ್ಲಿ ಮುಖ ಗಂಟಿಕ್ಕಿಕೊಂಡು ಬರುತ್ತಿದ್ದುದು ನನ್ನ ಅಡುಗೆಯ ಮೇಲಿನ ಸಿಟ್ಟಲ್ಲ, ಎಲ್ಲೋ ಅರ್ಧ ಕೂದಲಿನಷ್ಟು ಹೆಚ್ಚುಕಡಿಮೆಯಾಗಿದ್ದ ಉಕ್ಕು.

ಅವರೂ ಸುಮ್ಮನೆ ಕೂತು ಕಲಿಯುತ್ತಿದ್ದಾರೆ. ಹೋಳಿಗೆಗೆ ಕಣಕ ಎಷ್ಟು ಹೊತ್ತು ನೆನೆಯಬೇಕು, ಉಂಡೆಪಾಕ ಎಳೆಪಾಕಕ್ಕೆ ವ್ಯತ್ಯಾಸವೇನು ಎಂದು ಕೇಳಿದ್ದಾರೆ. "ಇದಕ್ಕೆಲ್ಲ ಅಳತೆ ಇಲ್ವಾ?" ಎಂದರು. "ಇದೆ, ಬೆರಳಲ್ಲಿದೆ" ಎಂದೆ.

ಹಿಡಿಗೆ ಮರ ಬೇಕಲ್ಲ? ನಮ್ಮ ಮೈಸೂರು ಬೀಟೆಮರದಲ್ಲಿ ಚಿತ್ರ ಕೂರಿಸುವ ಇನ್ಲೇ ಕೆಲಸಕ್ಕೆ ಹೆಸರಾದ ಊರು. ಹಿಂದೆ ದಂತ ಕೂರಿಸುತ್ತಿದ್ದರು, ಈಗ ಬಣ್ಣಬಣ್ಣದ ಮರ. ಅಂಥ ಒಬ್ಬರ ಬಳಿ ಉಳಿಕೆ ತುಂಡು ಸಿಗುತ್ತವೆ. ಒಂದರೊಳಗೆ ಇನ್ನೊಂದನ್ನು ಸಂದು ಕಾಣದಂತೆ ಕೂರಿಸುವುದೇ ಅವರ ಕೆಲಸವೂ ಆದ್ದರಿಂದ, ನಮ್ಮ ಕೀಲನ್ನು ನೋಡಿ ಅವರು ನಗಲಿಲ್ಲ. ತಿರುಗಿಸಿ ನೋಡಿ, "ಆಚೆ ಮುಖದಲ್ಲಿ ಕನ್ನಡಿ ಹಾಗೆ ತಿರುಗಿರುತ್ತಲ್ಲ ಅಮ್ಮ" ಎಂದರು. ನಿಜ. ಹೂವಾದರೆ ತಿಳಿಯದು, ಅಕ್ಷರ ತುಂಬಿದರೆ ಒಂದು ಕಡೆ ಸರಿ, ಇನ್ನೊಂದು ಕಡೆ ಉಲ್ಟಾ. ಬೀಟೆಯ ದೂಳು ಮೂಗಿಗೆ ಒಳ್ಳೆಯದಲ್ಲ, ಮುಖಗವುಸು ಹಾಕಿಕೊಂಡೇ ಉಜ್ಜಿ ಎಂದೂ ಹೇಳಿ ಕಳಿಸಿದರು.

ಇದರಿಂದ ಏನು ಲಾಭ ಎಂದು ಕೇಳುವವರಿದ್ದಾರೆ. ನಾದಿನಿ ಕೇಳಿದಳು, ಎದುರು ಮನೆಯವರು ಕೇಳಿದರು. ಲಾಭವೇನಿಲ್ಲ. ಚಾಕುವಿನ ಅಲಗನ್ನು ನಾವು ಕೊಂಡು ತರುತ್ತೇವೆ, ಹಿಡಿ ಮಾತ್ರ ನಮ್ಮದು. ಅಕ್ಕತಂಗಿಯರಿಗೆ ಐದಾರು ಕೊಟ್ಟಿದ್ದೇನೆ, ಒಂದೊಂದು ರೂಪಾಯಿ ತೆಗೆದುಕೊಂಡು. ಸಿಂಕಿನಲ್ಲಿ ನೆನೆಹಾಕಬೇಡಿ, ತೊಳೆದ ಕೂಡಲೇ ಒರೆಸಿ ಎಂದು ಹೇಳಿಯೂ ಇದ್ದೇನೆ.

ಆದರೆ ಒಂದು ವಸ್ತುವಿನ ಬಗ್ಗೆ ಹೇಳಬೇಕು. ಮಗಳು ಒಮ್ಮೆ ಫೋನಿನಲ್ಲಿ, ಕೈನಡುಕದವರಿಗೆ ದಪ್ಪ ಹಿಡಿಯ ಭಾರದ ಚಮಚ ಸಿಗುತ್ತದಂತೆ, ಕೆಲವರಿಗೆ ಅದರಿಂದ ಅನುಕೂಲವಂತೆ, ಕಳಿಸಲಾ ಎಂದಳು. ಇವರು ಬೇಡ ಎಂದರು. ಎರಡು ದಿನ ಬಿಟ್ಟು ನಾನು ಮನೆಯ ಸ್ಟೀಲ್ ಚಮಚವೊಂದನ್ನು ತಂದು ಮೇಜಿನ ಮೇಲಿಟ್ಟೆ. ಏನೂ ಹೇಳಲಿಲ್ಲ. ಇವರು ಅದನ್ನು ನೋಡಿದರು, ಮೈಕ್ರೊಮೀಟರ್ ತೆಗೆದುಕೊಂಡರು. ಚಮಚದ ಬಾಲಕ್ಕೆ ಎರಡೂ ಕಡೆ ಬೀಟೆಯ ದಪ್ಪ ಹಲ್ಲೆ, ಒಳಗೆ ಭಾರಕ್ಕೆ ಹಿತ್ತಾಳೆ ಪಟ್ಟಿ, ಮೂರು ಕೀಲು. ಡ್ರಿಲ್ ಹಿಡಿದದ್ದು ನಾನು, ಎಲ್ಲಿ ಕೊರೆಯಬೇಕೆಂದು ಹೇಳಿದ್ದು ಅವರು. ನಡುಕ ಹೋಯಿತು ಎಂದು ನಾನು ಸುಳ್ಳು ಹೇಳುವುದಿಲ್ಲ. ಸಾರು ಮೊದಲಿನಷ್ಟು ಚೆಲ್ಲುವುದಿಲ್ಲ, ಅಷ್ಟೇ. ಕಳೆದ ವರ್ಷ ತಂಗಿಯ ಮಗಳ ಮದುವೆಗೆ ಬಂದರು. ಜೇಬಿನಿಂದ ಚಮಚ ತೆಗೆದು ಎಲೆಯ ಪಕ್ಕದಲ್ಲಿಟ್ಟರು. ಪಕ್ಕದಲ್ಲಿ ಕೂತವರು ನೋಡಿದರು, ನೋಡಿದ್ದು ಕೈಯನ್ನಲ್ಲ. "ಇದೇನ್ರೀ ಹೂವು, ಎಲ್ಲಿ ಸಿಗುತ್ತೆ?" ಎಂದು ಕೇಳಿದರು. ಇವರು ಪಾಯಸ ಬರುವವರೆಗೂ ನಡುವೆ ಒಂದು, ಸುತ್ತ ಆರು ಎಂದು ವಿವರಿಸುತ್ತಲೇ ಇದ್ದರು.

ಈಚೆಗೆ ನಡುಕ ಧ್ವನಿಗೂ ಸ್ವಲ್ಪ ಬಂದಿದೆ. ಹೀಗಾಗಬಹುದೆಂದು ವೈದ್ಯರು ಮೊದಲೇ ಹೇಳಿದ್ದರು. ನಾವಿಬ್ಬರೂ ಆ ಬಗ್ಗೆ ಮಾತಾಡುವುದಿಲ್ಲ, ಆದರೆ ಒಂದು ನೋಟ್‌ಬುಕ್ ಇಟ್ಟಿದ್ದೇವೆ. ರಾತ್ರಿ ಊಟವಾದ ಮೇಲೆ ಅವರು ಹೇಳುತ್ತಾರೆ, ನಾನು ಬರೆದುಕೊಳ್ಳುತ್ತೇನೆ. ಕೊಳವೆಯ ಅಳತೆ, ಕಡ್ಡಿಯ ಅಳತೆ, ಯಾವುದು ಎಲ್ಲಿ. ಕೆಲವು ಪುಟಗಳಲ್ಲಿ ನನ್ನ ರಂಗೋಲಿಯ ಚುಕ್ಕಿಗಳೂ ಸೇರಿಕೊಂಡಿವೆ. ಹದಿನಾಲ್ಕು ನಮೂನೆ ಆಗಿದೆ. ಹದಿನೈದನೆಯದು ಹತ್ತೊಂಬತ್ತು ಕಡ್ಡಿಯದು: ನಡುವೆ ಒಂದು, ಸುತ್ತ ಆರು, ಅದರ ಸುತ್ತ ಹನ್ನೆರಡು. ನಿನ್ನೆ ಅಂಟು ತುಂಬಿ ಕಿಟಕಿಯ ಪಕ್ಕ ನಿಲ್ಲಿಸಿದ್ದೇನೆ. ಇವತ್ತು ಮಧ್ಯಾಹ್ನ ಕೊಯ್ಯಬೇಕು. ಬೆಳಗಿನಿಂದ ಮೂರು ಸಲ "ಅವಸರ ಮಾಡಬೇಡ, ಪೂರ್ತಿ ಆರಲಿ" ಎಂದು ನನಗೆ ಹೇಳಿ, ಆರು ಸಲ ಅವರೇ ಎದ್ದುಹೋಗಿ ನೋಡಿ ಬಂದಿದ್ದಾರೆ.